ಕ್ವಾರಿ ವಿಸ್ತರಣೆ: ರಸ್ತೆಯನ್ನು ಎರಡನೇ ಹಂತಕ್ಕೆ ಬಿಡಬಹುದೇ?

ಯೋಜನಾ ಉಸ್ತುವಾರಿ: ಕಲ್ಲು ಕ್ವಾರಿಯ ಉತ್ಪಾದನೆಯನ್ನು ದಿನಕ್ಕೆ 1,000 ಟನ್‌ನಿಂದ 2,000 ಟನ್‌ಗೆ ಏರಿಸುವ ಯೋಜನೆಯ ನಕ್ಷೆ ಸಿದ್ಧವಾಗುತ್ತಿದೆ. ಈಗಿರುವ ಒಂದೇ ದಾರಿಯನ್ನು ಸದ್ಯಕ್ಕೆ ಹಾಗೆಯೇ ಇಟ್ಟುಕೊಂಡು, ಗೇಟ್ ದಾಟಿದ ಕೂಡಲೇ ಸಿಗುವ ತಿರುವಿನ ಒಳಬದಿಯಲ್ಲಿ 10,000 ಲೀಟರ್‌ನ ಡೀಸೆಲ್ ಟ್ಯಾಂಕ್ ಕೂರಿಸಬೇಕೆಂದಿದ್ದೇವೆ. ರಸ್ತೆ ಅಗಲೀಕರಣವನ್ನು ಎರಡನೇ ಹಂತದಲ್ಲಿ, ಆದಾಯ ಬರತೊಡಗಿದ ಮೇಲೆ ಕೈಗೊಳ್ಳುವುದು ಸೂಕ್ತವೆಂದು ನನ್ನ ಅಭಿಪ್ರಾಯ. ತಮ್ಮೆಲ್ಲರ ಸಲಹೆ ಬೇಕು.

ಸಾಗಣೆ ವಿಭಾಗದವರು: ಮೊದಲು ಲೆಕ್ಕ ನೋಡೋಣ. ಒಂದು ಟಿಪ್ಪರ್ 20 ಟನ್ ಹೊರುತ್ತದೆ ಎಂದುಕೊಂಡರೆ 2,000 ಟನ್‌ಗೆ 100 ಲೋಡ್, ಅಂದರೆ ಹೋಗಿ ಬರುವುದು ಸೇರಿ 200 ಓಡಾಟ. ಹತ್ತು ಗಂಟೆಯ ಕೆಲಸದ ದಿನದಲ್ಲಿ ಗೇಟಿನ ಬಳಿ ಸರಾಸರಿ ಮೂರು ನಿಮಿಷಕ್ಕೊಂದು ವಾಹನ ಹಾಯುತ್ತದೆ. ಈಗ ಅದು ಆರು ನಿಮಿಷಕ್ಕೊಂದು. ಇನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಬರುವ ಟಿಪ್ಪರ್ ಸೆಕೆಂಡಿಗೆ ಎಂಟು ಮೀಟರಿಗೂ ಹೆಚ್ಚು ಸಾಗುವುದರಿಂದ, ಎದುರಿನ ವಾಹನ ಕಂಡು ಚಾಲಕನ ಕಾಲು ಬ್ರೇಕ್ ಮೇಲೆ ಬೀಳುವಷ್ಟರಲ್ಲೇ ಸುಮಾರು 20 ಮೀಟರ್ ಕಳೆದಿರುತ್ತದೆ. ತುಂಬಿದ ಗಾಡಿ ಇಳಿಜಾರಿನಲ್ಲಿ ನಿಲ್ಲಲು ಬೇಕಾಗುವ ದೂರ ಅದರ ಮೇಲೆ. ತಿರುವಿನ ಒಳಬದಿಯಲ್ಲಿ ಟ್ಯಾಂಕ್ ನಿಲ್ಲಿಸಿದರೆ ಆ ದೂರದ ನೋಟವೇ ಮುಚ್ಚಿಹೋಗುತ್ತದೆ.

ಯೋಜನಾ ಉಸ್ತುವಾರಿ: ತಿರುವಿನ ಮಾತು ಒಪ್ಪುತ್ತೇನೆ, ಟ್ಯಾಂಕನ್ನು ಹೊರಬದಿಗೆ ಸರಿಸಬಹುದು. ಆದರೆ ಗೇಟಿನ ಹತ್ತಿರವೇ ಇದ್ದರೆ ಡೀಸೆಲ್ ತರುವ ಟ್ಯಾಂಕರ್ ಕ್ವಾರಿಯೊಳಗೆ ಬರಬೇಕಾಗಿಲ್ಲ, ಅದೂ ಸುರಕ್ಷತೆಯೇ ಅಲ್ಲವೇ? ಡೀಸೆಲ್ ಪೆಟ್ರೋಲಿನಷ್ಟು ಬೇಗ ಹೊತ್ತಿಕೊಳ್ಳುವುದೂ ಇಲ್ಲ.

ಇಂಧನ ಸುರಕ್ಷತೆಯವರು: ಹೊರಗಿನ ಟ್ಯಾಂಕರ್ ಒಳಗೆ ಬಾರದಿರಲಿ ಎಂಬ ಆಲೋಚನೆ ಸರಿಯಾದದ್ದೇ. ಆದರೂ ಡೀಸೆಲ್ ನಿಧಾನವಾಗಿ ಹೊತ್ತಿಕೊಳ್ಳುತ್ತದೆ ಎಂಬ ಭರವಸೆ ತೊಟ್ಟಿಯಲ್ಲಿ ನಿಂತ ದ್ರವಕ್ಕೆ ಮಾತ್ರ ಸಲ್ಲುತ್ತದೆ. ಒತ್ತಡದಲ್ಲಿರುವ ಪೈಪ್ ಸೀಳಿ ಸಣ್ಣ ಹನಿಗಳಾಗಿ ಬಿಸಿ ಸೈಲೆನ್ಸರ್ ಮೇಲೆ ಸಿಡಿದಾಗ ಅದೇ ಡೀಸೆಲ್ ಕ್ಷಣದಲ್ಲಿ ಉರಿಯುತ್ತದೆ. ಈ ನಕ್ಷೆಯಲ್ಲಿ ನನ್ನನ್ನು ನಿಜವಾಗಿ ಕಾಡುತ್ತಿರುವುದು ಒಂದೇ: ದಾರಿ ಒಂದು, ಟ್ಯಾಂಕ್ ಆ ದಾರಿಯ ಬಾಯಲ್ಲಿ. ಅಲ್ಲಿ ಬೆಂಕಿ ಬಿದ್ದರೆ ಕೆಳಗಿನ ಗುಂಡಿಯಲ್ಲಿರುವ ಕಾರ್ಮಿಕರು ಬೆಂಕಿಯ ಆಚೆಗೆ ಸಿಕ್ಕಿಬೀಳುತ್ತಾರೆ, ಅಗ್ನಿಶಾಮಕ ವಾಹನ ಈಚೆಗೇ ನಿಲ್ಲುತ್ತದೆ. ಹೊರಬದಿಗೆ ಸರಿಸಿದರೆ ಇದು ಬದಲಾಗುವುದಿಲ್ಲ.

ಗಣಿ ಎಂಜಿನಿಯರ್: ಸೋರಿದ ಡೀಸೆಲ್ ಹೊರಗೆ ಹರಿಯದಂತೆ ಟ್ಯಾಂಕಿನ ಸುತ್ತ ಕಟ್ಟುವ ತಡೆಗೋಡೆಯ ಅಳತೆ ಎಷ್ಟಿಟ್ಟಿದ್ದೀರಿ?

ಯೋಜನಾ ಉಸ್ತುವಾರಿ: ಒಳ ಅಳತೆ ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, 60 ಸೆಂ.ಮೀ. ಎತ್ತರ. ಒಟ್ಟು 12,000 ಲೀಟರ್ ಹಿಡಿಯುತ್ತದೆ.

ಇಂಧನ ಸುರಕ್ಷತೆಯವರು: ಟ್ಯಾಂಕಿನ ಸಾಮರ್ಥ್ಯದ ಶೇ. 110ರಷ್ಟು ಹಿಡಿಯಬೇಕೆಂಬುದು ಸಾಮಾನ್ಯವಾಗಿ ಪಾಲಿಸುವ ಅಳತೆ, ಅಂದರೆ 11,000 ಲೀಟರ್. ಕಾಗದದ ಮೇಲೆ ನಿಮ್ಮದು ಸಾಕು. ಆದರೆ 100 ಮಿ.ಮೀ. ಮಳೆ ಸುರಿದರೆ ಆ 20 ಚದರ ಮೀಟರಿನಲ್ಲಿ 2,000 ಲೀಟರ್ ನೀರು ನಿಲ್ಲುತ್ತದೆ, ಉಳಿಯುವುದು 10,000 ಮಾತ್ರ. ನೀರು ಹೊರಬಿಡುವ ವಾಲ್ವನ್ನು ತೆರೆದೇ ಇಡುವುದು ಹಲವೆಡೆ ಕಾಣುವ ಅಭ್ಯಾಸ. ಹಾಗೆ ಮಾಡಿದರೆ ಗೋಡೆ ಇದ್ದೂ ಇಲ್ಲದಂತೆ. ಮೇಲೆ ಚಾವಣಿ ಹಾಕಿ, ವಾಲ್ವ್ ಮುಚ್ಚಿ ಬೀಗ ಹಾಕಿ, ನಿಂತ ನೀರಿನಲ್ಲಿ ಎಣ್ಣೆ ಇಲ್ಲವೆಂದು ನೋಡಿಯೇ ಬಿಡಬೇಕು. ಸ್ಫೋಟಕ್ಕೆ ತರಿಸುವ ಅಮೋನಿಯಂ ನೈಟ್ರೇಟ್ ಇದರ ಹತ್ತಿರ ಸುಳಿಯಲೇಬಾರದು.

ರಸ್ತೆ ಬದಿಯ ನಿವಾಸಿ: ನಮಗೆ ಭಯ ಗೇಟಿನ ಹೊರಗಿನದು. ತೂಕ ಮಾಡಿಸಲು ಸಾಲು ನಿಂತ ಟಿಪ್ಪರ್‌ಗಳ ಬಾಲ ಸಾರ್ವಜನಿಕ ರಸ್ತೆಗೆ ಬಂದರೆ, ನಡೆದು ಹೋಗುವವರು ಅವುಗಳನ್ನು ಸುತ್ತಿ ಹೋಗಲು ರಸ್ತೆಯ ನಡುವಿಗೇ ಇಳಿಯಬೇಕಾಗುತ್ತದೆ. ಸಾಲು ನಿಲ್ಲುವ ಜಾಗ ಕ್ವಾರಿಯ ಒಳಗೇ ಇರಲಿ. ಚಕ್ರದ ಕೆಸರು ತೊಳೆಯುವ ವ್ಯವಸ್ಥೆಯೂ ಇರಲಿ. ಇದನ್ನು ಎರಡನೇ ಹಂತಕ್ಕೆ ಬಿಡಿ ಎಂದರೆ ನಾವು ಒಪ್ಪಲಾರೆವು.

ಗಣಿ ಎಂಜಿನಿಯರ್: ಅವರ ಮಾತು ನ್ಯಾಯವಾದದ್ದು. ಒಳಗಿನ ದ್ವಿಮುಖ ರಸ್ತೆ ಅತಿ ಅಗಲದ ವಾಹನದ ಮೂರೂವರೆ ಪಟ್ಟು ಇರಬೇಕೆಂಬ ರೂಢಿಯ ಪ್ರಕಾರ, 2.5 ಮೀಟರ್ ಅಗಲದ ಟಿಪ್ಪರ್‌ಗೆ ಸುಮಾರು ಒಂಬತ್ತು ಮೀಟರ್ ಬೇಕು. ಪ್ರಪಾತದ ಅಂಚಿನ ಮಣ್ಣಿನ ದಿಬ್ಬ ಅತಿ ದೊಡ್ಡ ಚಕ್ರದ ಅರ್ಧ ಎತ್ತರಕ್ಕಿಂತ ಕಡಿಮೆ ಇರಕೂಡದು. ಓಡಾಟ ದುಪ್ಪಟ್ಟಾದ ಮೇಲೆ ಅಗಲೀಕರಣಕ್ಕೆ ಕೈಹಾಕಿದರೆ, ಅಗೆಯುವ ಯಂತ್ರಗಳೂ ಅದೇ ಇಕ್ಕಟ್ಟಿನಲ್ಲಿ ನಿಲ್ಲಬೇಕಾಗುತ್ತದೆ.

ಯೋಜನಾ ಉಸ್ತುವಾರಿ: ಹಾಗಾದರೆ ಸಾಲಿನ ಜಾಗ ಮತ್ತು ತುರ್ತು ನಿರ್ಗಮನದ ಎರಡನೇ ದಾರಿಯನ್ನು ಮೊದಲ ಹಂತಕ್ಕೆ ತರುತ್ತೇನೆ, ಟ್ಯಾಂಕನ್ನು ಗೇಟಿನಿಂದ ದೂರ ಒಯ್ಯುತ್ತೇನೆ. ಪೂರ್ತಿ ಒಂಬತ್ತು ಮೀಟರ್ ಅಗಲವನ್ನು ಮಾತ್ರ ಈಗಲೇ ಭರವಸೆ ಕೊಡಲಾರೆ; ಇಕ್ಕಟ್ಟಿರುವ ಕಡೆ ಏಕಮುಖ ಸಂಚಾರ ಮಾಡಬಹುದು.

ಸಾಗಣೆ ವಿಭಾಗದವರು: ಏಕಮುಖ ಸಂಚಾರಕ್ಕೆ ಎರಡೂ ತುದಿಯಲ್ಲಿ ಟಿಪ್ಪರ್ ಕಾದು ನಿಲ್ಲುವಷ್ಟು ಸಮತಟ್ಟಾದ ಜಾಗ ಬೇಕು. ಅದು ನಕ್ಷೆಯಲ್ಲಿ ಕಾಣುವವರೆಗೆ 2,000 ಟನ್‌ಗೆ ನನ್ನ ಒಪ್ಪಿಗೆಯಿಲ್ಲ.