ಸಹಾಯ ಬೇಕು: ಹಳೇ ಬೈಕಿನ ಎಂಜಿನ್ ಆಯಿಲ್ ಸೋರಿಕೆ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಕಾಲದ ಸಿಂಗಲ್ ಸಿಲಿಂಡರ್ ಬೈಕ್. ಪುಶ್‌ರಾಡ್ (ವಾಲ್ವ್ ತೆರೆಯುವ ಉದ್ದ ಕಡ್ಡಿ) ಇರುವ ಎಂಜಿನ್, ಡ್ರೈ ಸಂಪ್, ಅಂದರೆ ಆಯಿಲ್ ಟ್ಯಾಂಕ್ ಬೇರೆ ಇದೆ. ಹಳೇ ಗಾಡಿ ಅಂದಮೇಲೆ ಸ್ವಲ್ಪ ಸೋರುವುದು ಸಹಜ ಅನ್ನುತ್ತಾರೆ, ಆದರೆ ಇದು ಜಾಸ್ತಿಯಾಯಿತು.

ಎಂಜಿನ್ ಪೂರ್ತಿ ತೊಳೆದು ಒರೆಸಿ, ಸೋರುವ ಜಾಗ ಕಾಣಲಿ ಅಂತ ಟಾಲ್ಕಂ ಪೌಡರ್ ಉದುರಿಸಿ ಓಡಿಸಿ ನೋಡಿದೆ. ಪುಶ್‌ರಾಡ್ ಟ್ಯೂಬಿನ ಬುಡ, ಟೈಮಿಂಗ್ ಕವರಿನ ಕೆಳಅಂಚು ಎರಡೂ ಒದ್ದೆಯಾಗಿದ್ದವು. ಟ್ಯೂಬಿನ ಸೀಲ್ ಬದಲಿಸಿದ ಮೇಲೆ ಅಲ್ಲಿ ನಿಂತಿದೆ. ಕವರಿಗೆ ಹೊಸ ಗ್ಯಾಸ್ಕೆಟ್ ಹಾಕಿದರೂ ಸೋರುತ್ತಿದೆ. ದಪ್ಪ ಗಾಜಿನ ಮೇಲಿಟ್ಟು ನೋಡಿದೆ, ಕವರ್ ಸಮತಟ್ಟಾಗಿಯೇ ಇದೆ. ಸ್ಕ್ರೂ ಇನ್ನೂ ಬಿಗಿ ಮಾಡು ಅನ್ನುವವರೂ ಇದ್ದಾರೆ. ಅಲ್ಯೂಮಿನಿಯಂ ಥ್ರೆಡ್ ಹೋದರೆ ಯಾರಿಗೆ ಹೇಳುವುದು?

ನನ್ನ ಅನುಮಾನ ಬ್ರೀದರ್ ಮೇಲೆ, ಅಂದರೆ ಎಂಜಿನ್ ಒಳಗಿನ ಗಾಳಿ ಹೊರಬಿಡುವ ದಾರಿಯ ಮೇಲೆ. ಅದು ಕಟ್ಟಿಕೊಂಡರೆ ಕ್ರ್ಯಾಂಕ್‌ಕೇಸಿನಲ್ಲಿ (ಎಂಜಿನ್ನಿನ ಕೆಳಗಿನ ಪೆಟ್ಟಿಗೆಯಲ್ಲಿ) ಒತ್ತಡ ಏರಿ, ಸಂದಿ ಸಿಕ್ಕಲ್ಲೆಲ್ಲ ಆಯಿಲ್ ಹೊರಗೆ ಬರುತ್ತದೆ ಅಲ್ವಾ? ಬ್ರೀದರ್ ಪೈಪ್ ಕ್ಲೀನ್ ಇದೆ. ಒಳಗಿನ ವಾಲ್ವ್ ಸರಿ ಇದೆಯಾ ಅಂತ ಎಂಜಿನ್ ಬಿಚ್ಚದೆ ತಿಳಿಯುವುದು ಹೇಗೆ?

ಇನ್ನೊಂದು ವಿಷಯ. ಗಾಡಿ ವಾರಗಟ್ಟಲೆ ನಿಂತರೆ ಟ್ಯಾಂಕಿನ ಆಯಿಲ್ ಕ್ರ್ಯಾಂಕ್‌ಕೇಸಿಗೆ ಇಳಿದುಬಿಡುತ್ತದೆ. ಸೋರಿಕೆಗೆ ಅದೂ ಕಾರಣವಿರಬಹುದಾ? ಟ್ಯಾಂಕಿನ ಆಯಿಲ್ ಪೈಪಿಗೆ ಟ್ಯಾಪ್ ಹಾಕುವ ಸಲಹೆ ಮಾತ್ರ ಬೇಡ. ತೆರೆಯಲು ಮರೆತರೆ ಎಂಜಿನ್ನೇ ಹೋಗುತ್ತದೆ.

ಇಂಥ ಎಂಜಿನ್ ಬಿಚ್ಚಿ ಜೋಡಿಸಿದವರು ಇದ್ದರೆ ದಯವಿಟ್ಟು ತಿಳಿಸಿ.