ರಾ ಫೈಲ್ ತೆರೆದ ಕೂಡಲೇ ಬಣ್ಣ ಮಂಕಾಗುತ್ತಿದೆ: ಕಾಫಿ ಹೂವಿನ ಫೋಟೋ, ಡಾರ್ಕ್‌ಟೇಬಲ್

ಪ್ರಶ್ನೆ, ಸುಂಟಿಕೊಪ್ಪದಿಂದ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ನಿಕಾನ್ ಡಿ5600 ಇದೆ. ಈಚೆಗಷ್ಟೇ ಜೆಪೆಗ್ ಬಿಟ್ಟು ರಾ (ಸೆನ್ಸರಿನ ಮಾಹಿತಿಯನ್ನು ಹಾಗೇ ಉಳಿಸುವ ಫೈಲ್) ತೆಗೆಯಲು ಶುರು ಮಾಡಿದ್ದೇನೆ. ಹೂ ಮಳೆ ಬಿದ್ದು ನಮ್ಮ ರೋಬಸ್ಟಾ ತೋಟ ಪೂರ್ತಿ ಬೆಳ್ಳಗಾಗಿದೆ. ಕ್ಯಾಮೆರಾದ ಪರದೆಯಲ್ಲಿ ಫೋಟೋ ತುಂಬಾ ಚೆನ್ನಾಗಿ ಕಾಣುತ್ತದೆ. ಲ್ಯಾಪ್‌ಟಾಪಿನಲ್ಲಿ ಫೋಟೋ ತಿದ್ದುವ ಸಾಫ್ಟ್‌ವೇರ್ ಡಾರ್ಕ್‌ಟೇಬಲ್ ತೆರೆದರೆ ಚಿಕ್ಕ ಚಿತ್ರಗಳೂ ಹಾಗೇ ಇರುತ್ತವೆ. ಆದರೆ ಎಡಿಟ್ ಮಾಡಲು ಒಂದನ್ನು ತೆರೆದ ತಕ್ಷಣ ಎಲೆಯ ಹಸಿರು ಮಂಕಾಗುತ್ತದೆ, ಹೂವು ಬೂದು ಬಣ್ಣಕ್ಕೆ ತಿರುಗುತ್ತದೆ. ನಾನು ಇನ್ನೂ ಏನೂ ಮುಟ್ಟಿರುವುದಿಲ್ಲ. ಮೆಮೊರಿ ಕಾರ್ಡ್ ಬದಲಿಸಿ ನೋಡಿದೆ, ಅದೇ ಕಥೆ. ಫೈಲ್ ಹಾಳಾಗುತ್ತಿದೆಯಾ? ಹೂ ಉದುರುವ ಮೊದಲು ಸರಿಹೋದರೆ ಸಾಕು.

ಉತ್ತರ, ಗೋಣಿಕೊಪ್ಪಲಿನಿಂದ

ಸ್ಯಾಚುರೇಶನ್ ಜಾಸ್ತಿ ಮಾಡಿ ಸರ್, ಕಾಂಟ್ರಾಸ್ಟ್ ಸ್ವಲ್ಪ ಏರಿಸಿ. ನಾನು ಹಾಗೇ ಮಾಡುವುದು.

ಉತ್ತರ, ವಿರಾಜಪೇಟೆಯಿಂದ

ಫೈಲ್ ಹಾಳಾಗಿಲ್ಲ, ಧೈರ್ಯವಾಗಿರಿ. ಕಾರ್ಡಿನದ್ದೂ ತಪ್ಪಿಲ್ಲ.

ಕ್ಯಾಮೆರಾದ ಪರದೆ ತೋರಿಸುವುದು ರಾ ಫೈಲಿನ ಒಳಗೇ ಅಡಗಿರುವ ಒಂದು ಜೆಪೆಗ್ ಚಿತ್ರವನ್ನು. ಕ್ಯಾಮೆರಾ ತನಗೆ ತೋಚಿದಷ್ಟು ಕಾಂಟ್ರಾಸ್ಟ್, ಬಣ್ಣ, ಶಾರ್ಪ್‌ನೆಸ್ ಎಲ್ಲ ಹಾಕಿ ಅದನ್ನು ತಯಾರು ಮಾಡಿರುತ್ತದೆ. ಡಾರ್ಕ್‌ಟೇಬಲ್ ಮೊದಲು ತೋರಿಸುವ ಚಿಕ್ಕ ಚಿತ್ರವೂ ಅದೇ. ಎಡಿಟ್ ಮಾಡಲು ತೆರೆದಾಗ ಮಾತ್ರ ಸೆನ್ಸರಿನ ನಿಜವಾದ ಮಾಹಿತಿಯಿಂದ ಚಿತ್ರ ಕಟ್ಟುತ್ತದೆ. ಆಗ ಕ್ಯಾಮೆರಾದ ಪಿಕ್ಚರ್ ಕಂಟ್ರೋಲ್ (ಬಣ್ಣ, ಕಾಂಟ್ರಾಸ್ಟಿನ ಸೆಟ್ಟಿಂಗ್) ಲೆಕ್ಕಕ್ಕೇ ಬರುವುದಿಲ್ಲ. ನಿಮಗೆ ನಂಬಿಕೆ ಬರಬೇಕಾದರೆ ನಿಕಾನ್ ಉಚಿತವಾಗಿ ಕೊಡುವ ಎನ್‌ಎಕ್ಸ್ ಸ್ಟುಡಿಯೋದಲ್ಲಿ ಅದೇ ಫೈಲ್ ತೆರೆಯಿರಿ. ಅದು ಕ್ಯಾಮೆರಾದ ಸೆಟ್ಟಿಂಗ್ ಓದುತ್ತದೆ, ಹಾಗಾಗಿ ಪರದೆಯಲ್ಲಿ ಕಂಡಂತೆಯೇ ಕಾಣುತ್ತದೆ.

ಪಿಕ್ಚರ್ ಕಂಟ್ರೋಲ್ 'ವಿವಿಡ್'ನಲ್ಲಿ ಇದೆಯಾ ನೋಡಿ. ಇದ್ದರೆ 'ನ್ಯೂಟ್ರಲ್'ಗೆ ಹಾಕಿ. ರಾ ಮೇಲೆ ಇದರ ಪರಿಣಾಮ ಏನೂ ಇಲ್ಲ. ಆದರೆ ಪರದೆಯ ಚಿತ್ರ ನಿಜಕ್ಕೆ ಹತ್ತಿರ ಬರುತ್ತದೆ. ಆಕ್ಟಿವ್ ಡಿ-ಲೈಟಿಂಗ್ ಆಫ್ ಮಾಡಿ. ಅದು ಆನ್ ಇದ್ದರೆ ಕ್ಯಾಮೆರಾ ಎಕ್ಸ್‌ಪೋಶರ್ (ಫೋಟೋಗೆ ಬೀಳುವ ಬೆಳಕು) ಸ್ವಲ್ಪ ತಗ್ಗಿಸಿ ತೆಗೆದು, ಆಮೇಲೆ ಜೆಪೆಗ್‌ನಲ್ಲಿ ಮಾತ್ರ ನೆರಳನ್ನು ಎತ್ತುತ್ತದೆ. ಡಾರ್ಕ್‌ಟೇಬಲ್‌ಗೆ ಆ ಎತ್ತುವಿಕೆ ಗೊತ್ತಾಗದು, ಕಪ್ಪಾದ ಫೋಟೋ ಅಷ್ಟೇ ಸಿಗುತ್ತದೆ.

ಗೋಣಿಕೊಪ್ಪಲಿನ ಸ್ನೇಹಿತರೇ, ಇಲ್ಲಿ ಮೊದಲೇ ಸ್ಯಾಚುರೇಶನ್ ಏರಿಸುವುದನ್ನು ನಾನು ಒಪ್ಪುವುದಿಲ್ಲ. ಬೆಳಕು ಸರಿಯಾಗದೆ ಬಣ್ಣ ಏರಿಸಿದರೆ ಕಾಫಿ ಎಲೆ ಪ್ಲಾಸ್ಟಿಕ್ ಹಸಿರಾಗುತ್ತದೆ. ಮೊದಲು ಎಕ್ಸ್‌ಪೋಶರ್, ಆಮೇಲೆ ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿ ತೋರಿಸುವ ತಿದ್ದುಪಡಿ), ಆಮೇಲೆ ಸಿಗ್ಮಾಯ್ಡ್ ಅಥವಾ ಫಿಲ್ಮಿಕ್ ಎಂಬ ಮಾಡ್ಯೂಲಿನಲ್ಲಿ (ಡಾರ್ಕ್‌ಟೇಬಲ್ ಒಳಗಿನ ತಿದ್ದುವ ಉಪಕರಣ) ಕಾಂಟ್ರಾಸ್ಟ್. ಇಷ್ಟಾದ ಮೇಲೆ ಬಣ್ಣಕ್ಕೆ ಕೈ ಹಾಕಿ. ಎಷ್ಟೋ ಸಲ ಅದರ ಅಗತ್ಯವೇ ಬೀಳುವುದಿಲ್ಲ.

ಡಾರ್ಕ್‌ಟೇಬಲ್ 5.0 ಅಥವಾ ಅದಕ್ಕಿಂತ ಹೊಸದು ಇದ್ದರೆ ಇನ್ನೊಂದು ಸುಲಭದ ದಾರಿ ಇದೆ. ಅದರಲ್ಲಿ 500ಕ್ಕೂ ಹೆಚ್ಚು ಕ್ಯಾಮೆರಾಗಳಿಗೆ ಬೇರೆ ಬೇರೆ ಸ್ಟೈಲ್ (ಮೊದಲೇ ಸಿದ್ಧವಾದ ಸೆಟ್ಟಿಂಗ್‌ಗಳ ಗುಂಪು) ಕೊಟ್ಟಿದ್ದಾರೆ. ನಿಮ್ಮ ಮಾಡೆಲ್ ಹುಡುಕಿ ಹಾಕಿ ನೋಡಿ. ಕ್ಯಾಮೆರಾ ಜೆಪೆಗ್‌ಗೆ ಹತ್ತಿರದ ರೂಪ ಒಂದೇ ಕ್ಲಿಕ್ಕಿಗೆ ಬರುತ್ತದೆ, ಅಲ್ಲಿಂದ ಮುಂದೆ ನಿಮ್ಮ ಕೆಲಸ.

ಸುಂಟಿಕೊಪ್ಪ

ತುಂಬಾ ಉಪಕಾರ ಅಣ್ಣ. ಎನ್‌ಎಕ್ಸ್ ಸ್ಟುಡಿಯೋದಲ್ಲಿ ನೀವು ಹೇಳಿದ ಹಾಗೆಯೇ ಕಂಡಿತು, ಸಮಾಧಾನವಾಯಿತು. ಸ್ಟೈಲ್ ಹಾಕಿದ ಮೇಲೆ ಹೂವಿನ ಫೋಟೋಗಳೂ ಪರವಾಗಿಲ್ಲ. ಆದರೆ ಮಾಂದಲ್‌ಪಟ್ಟಿ ಬೆಟ್ಟದಲ್ಲಿ ಬೆಳಗಿನ ಮಂಜಿನಲ್ಲಿ ತೆಗೆದವು ಇನ್ನೂ ಕಪ್ಪಾಗಿವೆ. ಅಲ್ಲಿ ಎಕ್ಸ್‌ಪೋಶರ್ ಕಾಂಪೆನ್ಸೇಶನ್ +1 ಇಟ್ಟಿದ್ದೆ, ಅಂದರೆ ಕ್ಯಾಮೆರಾದ ಲೆಕ್ಕಕ್ಕಿಂತ ಜಾಸ್ತಿ ಬೆಳಕು. ಬೆಳ್ಳಗೆ ಬರಬೇಕಿತ್ತು ಅಲ್ವಾ?

ವಿರಾಜಪೇಟೆ

+1 ಇಟ್ಟದ್ದು ಒಳ್ಳೆಯದೇ ಆಯಿತು. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ನಡು ಬೂದು ಬಣ್ಣಕ್ಕೆ ತರಲು ನೋಡುತ್ತದೆ, ಸುಮ್ನೆ ಬಿಟ್ಟರೆ ಮಂಜು ಕೊಳಕಾಗಿ ಬರುತ್ತದೆ. ನಿಮ್ಮ ಫೋಟೋ ಕಪ್ಪಾಗಲು ಕಾರಣ ಬೇರೆ, ಇದು ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ.

ಡಾರ್ಕ್‌ಟೇಬಲ್‌ನ ಎಕ್ಸ್‌ಪೋಶರ್ ಮಾಡ್ಯೂಲ್ ತೆರೆಯಿರಿ. ಅಲ್ಲಿ ಕ್ಯಾಮೆರಾದ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಸರಿದೂಗಿಸುವ ಒಂದು ಟಿಕ್ ಬಾಕ್ಸ್ ಇದೆ. ಸಾಮಾನ್ಯವಾಗಿ ಅದು ಮೊದಲಿನಿಂದಲೇ ಟಿಕ್ ಆಗಿರುತ್ತದೆ. ಮಾಡ್ಯೂಲ್ ತಾನಾಗಿ +0.7 ಸೇರಿಸುತ್ತದೆ. ಈ ಟಿಕ್ ಇದ್ದರೆ ನೀವು ಇಟ್ಟ +1 ಅನ್ನು ಕಳೆಯುತ್ತದೆ. ಉಳಿಯುವುದು −0.3. ಹೂವಿನ ಫೋಟೋಗೆ ಕಾಂಪೆನ್ಸೇಶನ್ ಇರಲಿಲ್ಲ, ಅದಕ್ಕೇ ಅಲ್ಲಿ ತೊಂದರೆ ಕಾಣಲಿಲ್ಲ. ಟಿಕ್ ತೆಗೆಯಿರಿ, ಮಂಜು ಬೆಳಗುತ್ತದೆ.

ಇದು ದೋಷವಲ್ಲ. ನಾಯ್ಸ್ (ಫೋಟೋದಲ್ಲಿ ಕಾಣುವ ಕಾಳು ಕಾಳು ಚುಕ್ಕೆ) ಕಮ್ಮಿ ಬರಲೆಂದು ಬೇಕಂತಲೇ ಜಾಸ್ತಿ ಬೆಳಕು ತೆಗೆದುಕೊಂಡು, ಆಮೇಲೆ ಇಳಿಸುವವರಿಗಾಗಿ ಇರುವ ಸೌಲಭ್ಯ. ಮಂಜಿಗೆ ಮಾತ್ರ ಅಡ್ಡ ಬರುತ್ತದೆ. ಡೀಹೇಜ್ ತರದ್ದನ್ನೂ ಇಂಥ ಫೋಟೋಗೆ ಹಾಕಬೇಡಿ. ಮಂಜು ತೆಗೆಯಲೆಂದೇ ಇರುವ ಸಾಧನ ಅದು. ನೀವು ಅಲ್ಲಿಗೆ ಹೋದದ್ದೇ ಮಂಜಿಗಾಗಿ ತಾನೇ?

ಸೋಮವಾರಪೇಟೆ

ಹೂವಿನ ವಿಷಯದಲ್ಲಿ ನನ್ನದೊಂದು ಮಾತು. ಮಂಜಿಗೆ +1 ಸರಿ, ಅದನ್ನೇ ತೋಟಕ್ಕೂ ಇಟ್ಟು ಮರೆಯಬೇಡಿ. ತೋಟದಲ್ಲಿ ಲೆಕ್ಕ ಉಲ್ಟಾ. ಸುತ್ತ ಕಡು ಹಸಿರು ಎಲೆ, ನೆರಳು. ಮೀಟರ್ ಅದನ್ನು ನೋಡಿ ಬೆಳಕು ಏರಿಸುತ್ತದೆ, ಸಿಲ್ವರ್ ಓಕ್ ಸಂದಿಯಿಂದ ಬಿಸಿಲು ಬಿದ್ದ ಹೂವಿನ ಎಸಳು ಸುಟ್ಟು ಬರೀ ಬಿಳಿ ಉಳಿಯುತ್ತದೆ. ರಾ ಆದರೂ ಪೂರ್ತಿ ಸುಟ್ಟದ್ದು ವಾಪಸ್ ಬರುವುದಿಲ್ಲ. ನೆರಳು ಹಾಗಲ್ಲ, ಅದನ್ನು ಆಮೇಲೆ ಚೆನ್ನಾಗಿ ಎತ್ತಬಹುದು. 14 ಬಿಟ್ ರಾದಲ್ಲಿ ಒಂದೊಂದು ಬಣ್ಣಕ್ಕೂ 16,384 ಮೆಟ್ಟಿಲು, ಜೆಪೆಗ್‌ನಲ್ಲಿ ಬರೀ 256. ಹಬ್ಬದಲ್ಲಿ ಕಪ್ಪು ಕುಪ್ಯ (ಕೊಡವರ ಉದ್ದನೆಯ ನಿಲುವಂಗಿ) ತೊಟ್ಟವರ ಫೋಟೋ ತೆಗೆದು ನೋಡಿ. ಜೆಪೆಗ್‌ನಲ್ಲಿ ಬಟ್ಟೆಯ ಮಡಿಕೆ ಒಂದೇ ಕಪ್ಪಾಗಿ ಕೂತಿರುತ್ತದೆ, ರಾದಲ್ಲಿ ಹೊರಗೆ ಬರುತ್ತದೆ.

ಹಾಗಾಗಿ ತೋಟದಲ್ಲಿ −0.7ರಿಂದ ಶುರು ಮಾಡಿ. ಪ್ಲೇಬ್ಯಾಕ್ ಮೆನುವಿನಲ್ಲಿ ಹೈಲೈಟ್ಸ್ ಮತ್ತು ಆರ್‌ಜಿಬಿ ಹಿಸ್ಟೋಗ್ರಾಂ (ಬೆಳಕು, ಬಣ್ಣದ ಹಂಚಿಕೆ ತೋರಿಸುವ ನಕ್ಷೆ) ಆನ್ ಮಾಡಿ. ಸುಟ್ಟ ಜಾಗ ಮಿನುಗುತ್ತದೆ. ಆ ಎಚ್ಚರಿಕೆಯೂ ಜೆಪೆಗ್ ನೋಡಿ ಕೊಡುವುದು, ರಾದಲ್ಲಿ ಇನ್ನೂ ಸ್ವಲ್ಪ ಜಾಗ ಉಳಿದಿರುತ್ತದೆ. ಎಸಳಿನ ಅಂಚು ಚೂರು ಮಿನುಗಿದರೆ ಚಿಂತೆ ಬೇಡ. ಗೊಂಚಲಿಗೆ ಗೊಂಚಲೇ ಮಿನುಗಿದರೆ ಇನ್ನೊಮ್ಮೆ ತೆಗೆಯಿರಿ.

ಮತ್ತೆ, ಮರದಡಿ ಬೆಳಕೇ ಹಸಿರಾಗಿರುತ್ತದೆ, ಎಲೆಗಳಿಂದ ಸೋಸಿ ಬರುವುದು. ಅದೇ ಜಾಗದಲ್ಲಿ ಒಂದು ಬಿಳಿ ಕಾಗದ ಹಿಡಿದು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಕಲರ್ ಕ್ಯಾಲಿಬ್ರೇಶನ್ ಮಾಡ್ಯೂಲಿನ ಪಿಕರ್‌ನಿಂದ ಆ ಕಾಗದವನ್ನು ಆರಿಸಿ, ಬಂದ ಸೆಟ್ಟಿಂಗನ್ನು ಉಳಿದ ಫೋಟೋಗಳಿಗೆ ಕಾಪಿ ಮಾಡಿ. ವೈಟ್ ಬ್ಯಾಲೆನ್ಸ್ ತಿದ್ದುವುದು ಇಲ್ಲೇ, ಅದೇ ಹೆಸರಿನ ಮಾಡ್ಯೂಲನ್ನು ಮಾತ್ರ ಇದ್ದ ಹಾಗೆ ಬಿಡಿ. ಎರಡೂ ಕಡೆ ತಿದ್ದಿದರೆ ಬಣ್ಣ ಕೆಡುತ್ತದೆ.

ಸುಂಟಿಕೊಪ್ಪ

ಟಿಕ್ ತೆಗೆದೆ, ಮಂಜು ಮಂಜಿನ ಹಾಗೇ ಬಂತು! ಇವತ್ತು ತೋಟದಲ್ಲಿ −0.7 ಇಟ್ಟು ತೆಗೆದೆ. ಎಸಳಿನ ಗೆರೆ ಸಹ ಕಾಣುತ್ತಿದೆ. ಕೊನೆಯ ಪ್ರಶ್ನೆ: ಎಡಿಟ್ ಮಾಡಿದ್ದು ಎಲ್ಲಿ ಉಳಿಯುತ್ತದೆ? ಬೆಂಗಳೂರಿನಲ್ಲಿರುವ ಅಕ್ಕನಿಗೆ ಕಳಿಸಬೇಕು.

ವಿರಾಜಪೇಟೆ

ರಾ ಫೈಲನ್ನು ಡಾರ್ಕ್‌ಟೇಬಲ್ ಮುಟ್ಟುವುದಿಲ್ಲ. ಪಕ್ಕದಲ್ಲೇ ಅದೇ ಹೆಸರಿನ ಒಂದು ಚಿಕ್ಕ ಎಕ್ಸ್‌ಎಂಪಿ ಫೈಲ್ ಇರುತ್ತದೆ, ನಿಮ್ಮ ತಿದ್ದುಪಡಿ ಎಲ್ಲ ಅದರಲ್ಲಿ. ಹಾರ್ಡ್ ಡಿಸ್ಕಿಗೆ ಕಾಪಿ ಮಾಡುವಾಗ ಎರಡನ್ನೂ ಒಟ್ಟಿಗೆ ಮಾಡಿ.

ಅಕ್ಕನಿಗೆ ಕಳಿಸಲು ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಿ, ಬಣ್ಣದ ಪ್ರೊಫೈಲ್‌ನಲ್ಲಿ ಎಸ್‌ಆರ್‌ಜಿಬಿ (ಸಾಮಾನ್ಯ ಪರದೆಗಳಿಗೆ ಹೊಂದುವ ಬಣ್ಣದ ಮಾನದಂಡ) ಆರಿಸಿ. ಅಡೋಬಿ ಆರ್‌ಜಿಬಿ ಆರಿಸಿದರೆ ಕೆಲವು ಫೋನ್, ಆ್ಯಪ್‌ಗಳಲ್ಲಿ ಬಣ್ಣ ಮತ್ತೆ ಮಂಕಾಗಿ ಕಾಣುತ್ತದೆ. ವಾಟ್ಸಾಪ್‌ನಲ್ಲಾದರೆ ಫೋಟೋ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ.