ರಜಾ ಚೀಟಿ ಬರೆದುಕೊಡಬೇಡ

ತಂಗೀ, ನಮ್ಮ ನೆಂಟರ ಗುಂಪಿನಲ್ಲಿ ನೀನು ಹಾಕಿದ ಸಂದೇಶ ಈಗ ನೋಡಿದೆ. ಟೈಪ್ ಮಾಡುವಷ್ಟು ತಾಳ್ಮೆ ನನಗಿಲ್ಲ, ಮಾತಿನಲ್ಲೇ ಹೇಳುತ್ತೇನೆ. ಮಂಗಳವಾರ ಮಗಳು ತರಗತಿಯ ಮುಂದೆ ನಿಂತು ಮಾತನಾಡಬೇಕು, ‘ಎಲ್ಲರೂ ನನ್ನನ್ನೇ ನೋಡುತ್ತಾರೆ’ ಎಂದು ಅಳುತ್ತಾಳೆ, ರಜಾ ಚೀಟಿ ಬರೆದುಕೊಡಲೇ ಎಂದು ಕೇಳಿದ್ದೀಯ. ಬರೆದುಕೊಡಬೇಡ.

ನನ್ನದನ್ನೇ ಕೇಳು. ಕಚೇರಿಯಲ್ಲಿ ಒಬ್ಬರ ಬೀಳ್ಕೊಡುಗೆ, ನಾನು ಓದಬೇಕಾಗಿದ್ದದ್ದು ಒಂದೇ ಪುಟ. ಕೈ ನಡುಗಿ ಹಾಳೆ ಪಟಪಟ ಎಂದಿತು. ಯಾರಿಗೂ ಕಾಣದಿರಲಿ ಎಂದು ಎರಡೂ ಕೈಯಲ್ಲಿ ಬಿಗಿಹಿಡಿದೆ; ಬಿಗಿಹಿಡಿದಷ್ಟೂ ನಡುಕ ಹೆಚ್ಚಿತು. ಮುಂದಿನ ಬೀಳ್ಕೊಡುಗೆಗೆ ಜ್ವರ ಎಂದು ಮನೆಯಲ್ಲೇ ಉಳಿದೆ. ಅಬ್ಬಾ, ಎಂಥ ನೆಮ್ಮದಿ! ನನ್ನನ್ನು ಕೆಡಿಸಿದ್ದು ಆ ನೆಮ್ಮದಿಯೇ. ಆಮೇಲೆ ಸಭೆಗೆ ಜ್ವರ, ತರಬೇತಿಗೆ ಜ್ವರ, ಕಡೆಗೆ ಬಡ್ತಿಗೂ ಜ್ವರ. ಹದಿನೈದು ವರ್ಷದ ನಂತರ ಆ ಮೊದಲ ಸಮಾರಂಭದ ವಿಡಿಯೊ ನೋಡಿದೆ. ಒಬ್ಬ ಹೆಂಗಸು ತುಸು ಅವಸರದಲ್ಲಿ ಓದುತ್ತಿದ್ದಾಳೆ, ಅಷ್ಟೇ. ಮುಂದಿನ ಸಾಲಿನಲ್ಲಿ ಒಬ್ಬರು ಕೈಗಡಿಯಾರ ನೋಡುತ್ತಿದ್ದರು, ಇನ್ನೊಬ್ಬರು ಆಕಳಿಸುತ್ತಿದ್ದರು.

ನನ್ನ ಮಗ ಹೇಳುತ್ತಿದ್ದ, ಕಾರ್ನೆಲ್ ವಿಶ್ವವಿದ್ಯಾಲಯದವರು 2000ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ದರಂತೆ. ಗಾಯಕನೊಬ್ಬನ ಮುಖವಿದ್ದ, ತೊಡಲು ನಾಚಿಕೆಯಾಗುವಂಥ ಅಂಗಿ ಹಾಕಿಸಿ ವಿದ್ಯಾರ್ಥಿಗಳನ್ನು ಜನರಿದ್ದ ಕೋಣೆಗೆ ಕಳಿಸಿದರಂತೆ. ಅರ್ಧದಷ್ಟು ಮಂದಿ ಗಮನಿಸಿರುತ್ತಾರೆ ಎಂದು ಅಂಗಿ ತೊಟ್ಟವರ ಎಣಿಕೆ. ಗಮನಿಸಿದವರು ಕಾಲುಭಾಗವೂ ಇಲ್ಲ. ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ, ಚೀಟಿ ಬರೆದುಕೊಡಬೇಡ. ಒಂದು ಚೀಟಿಯ ಹಿಂದೆ ಹತ್ತು ಬರುತ್ತವೆ.

ನಾನು ಬಡ್ತಿ ಬಿಟ್ಟಾಗ ‘ಜಂಬ, ಗಂಡನ ಸಂಬಳವೇ ಸಾಕಂತೆ’ ಎಂದು ನಕ್ಕವರು ಈ ಗುಂಪಿನಲ್ಲೇ ಇದ್ದಾರೆ. ಹೆಸರು ಹೇಳುವುದಿಲ್ಲ, ಕೇಳಿಸಿಕೊಳ್ಳುತ್ತಿರುತ್ತಾರೆ. ಏನು ಕಷ್ಟ ಎಂದು ಒಬ್ಬರಾದರೂ ಕೇಳಿದರೇ? ಯಾರೂ ಗಮನಿಸುವುದಿಲ್ಲ ಎಂದು ಈಗಷ್ಟೇ ಹೇಳಿದೆ, ನಿಜ. ನೆಂಟರ ಲೆಕ್ಕ ಬೇರೆ.

ಅಯ್ಯೋ, ಮುಖ್ಯವಾದದ್ದೇ ಮರೆತೆ. ಚೀಟಿ ಬೇಡ ಎಂದರೆ ಬೈದು ದಬ್ಬು ಎಂದಲ್ಲ. ಇಂದು ನಿನ್ನೊಬ್ಬಳ ಮುಂದೆ ಮಾತನಾಡಲಿ, ನಾಳೆ ಇಬ್ಬರು ಗೆಳತಿಯರ ಮುಂದೆ. ಮೊಬೈಲಿನಲ್ಲಿ ವಿಡಿಯೊ ಮಾಡಿ ಅವಳಿಗೇ ತೋರಿಸು. ಕೈ ನಡುಗಿದರೆ ನಡುಗಲಿ, ಅದನ್ನು ಅಡಗಿಸುವ ಬದಲು ಎದುರಿನವರ ಮುಖ ನೋಡಲಿ. ಈ ಹೆದರಿಕೆ ಆರು ತಿಂಗಳು ಮೀರಿ ಎಳೆದು, ಓದು ಗೆಳೆತನಕ್ಕೆಲ್ಲ ಅಡ್ಡ ಬರುತ್ತಿದ್ದರೆ ಮನಃಶಾಸ್ತ್ರಜ್ಞರ ಬಳಿ ಕರೆದುಕೊಂಡು ಹೋಗು. ಸಿಬಿಟಿ ಎಂಬ ಮಾತುಕತೆಯ ಚಿಕಿತ್ಸೆ ಇದೆ, ಇಂಥದ್ದಕ್ಕೆ ಅದು ಚೆನ್ನಾಗಿ ಹಿಡಿಯುತ್ತದೆ. ನನಗೆ ಆಗ ಯಾರೂ ಹೇಳಲಿಲ್ಲ.

ಮಂಗಳವಾರ ಅವಳ ಸರದಿ ಎಷ್ಟು ಗಂಟೆಗೆ?